ಎಡ ಸೀಟು ನೋಡುವ ಚಟ

ನನ್ನ ಹತ್ತಿರ ಕಾರು ಓಡಿಸುವ ಲೈಸೆನ್ಸ್ ಇದೆ. ಕಾರು ಓಡಿಸಲು ಬರುವುದಿಲ್ಲ. ಈ ಎರಡೂ ಬೇರೆ ಬೇರೆ ಎಂದು ತಿಳಿಯಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಈಗ ಅರವತ್ತೆಂಟು ನಡೆದಿದೆ. ಓದಿದ್ದು ನಾಲ್ಕನೇ ತರಗತಿ, ಅದೂ ಪೂರ್ತಿ ಅಲ್ಲ. ಇಂಥವಳು ಕಾರಿನ ವಿಷಯ ಬರೆಯಲು ಕೂತಳಲ್ಲ ಎಂದು ನಗು ಬಂದರೆ ನಗಿರಿ. ಅಡುಗೆಯ ವಿಷಯ ಬರೆಯಬಹುದಿತ್ತು ಎನ್ನುತ್ತೀರೇನೋ. ಅದೂ ನನಗೆ ಅಷ್ಟಕ್ಕಷ್ಟೇ.

ಕಾರು ನಮ್ಮ ಮನೆಯವರದು. ರಾಯಚೂರಿನಲ್ಲಿ ಅಕ್ಕಿ ಗಿರಣಿಯ ಧಣಿಗಳ ಗಾಡಿ ಮೂವತ್ತು ವರ್ಷ ಓಡಿಸಿ, ಕಡೆಗೆ ತಮಗೆಂದು ಒಂದು ಹಳೆಯ ಕಾರು ತಂದರು. ತಂದ ಮರುವರ್ಷವೇ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಗಾಡಿ ನಿಂತರೆ ತುಕ್ಕು ಹಿಡಿಯುತ್ತದೆಂದು ನನ್ನನ್ನು ಕೂಡಿಸಿ ಕಲಿಸಿದರು. ಹೆಂಡತಿಯ ಮೇಲಿನ ಪ್ರೀತಿ ಎಂದು ತಿಳಿಯಬೇಡಿ, ಗಾಡಿಯ ಮೇಲಿನದು. ಅವರು ಹೋಗಿ ಮೂರು ವರ್ಷವಾಯಿತು. ಮಕ್ಕಳಿಲ್ಲ. ಬಾಡಿಗೆ ಮನೆಯಲ್ಲಿ ನಾನು, ಬಾಗಿಲ ಮುಂದೆ ಕಾರು.

ನನಗೊಬ್ಬಳು ಅಕ್ಕ ಇದ್ದಾಳೆ, ಬಾಗಲವಾಡದಲ್ಲಿ. ಸೊಂಟ ಮುರಿದು ಆರು ವರ್ಷದಿಂದ ಮಂಚ ಹಿಡಿದಿದ್ದಾಳೆ. ನನ್ನನ್ನು ‘ಈರಿ’ ಎಂದು ಕರೆಯುವವಳು ಈಗ ಅವಳೊಬ್ಬಳೇ. ಉಳಿದವರಿಗೆ ನಾನು ಈರಮ್ಮನವರು, ರೇಷನ್ ಕಾರ್ಡಿನಲ್ಲಿ ಇದ್ದಂತೆ. ಪ್ರತಿ ಆದಿತ್ಯವಾರ ಅವಳನ್ನು ನೋಡಲು ಹೋಗುತ್ತಿದ್ದೆ. ಬಸ್ಸಿಗೂ ಹೋಗಬಹುದು, ಆದರೆ ಮಾನ್ವಿಯಲ್ಲಿ ಇಳಿದು ಇನ್ನೊಂದು ಹತ್ತಬೇಕು. ಬಸ್ಸಿನ ಮೆಟ್ಟಿಲಿಗೂ ನನ್ನ ಮೊಣಕಾಲಿಗೂ ಮಾತು ಬಿಟ್ಟು ಬಹಳ ದಿನವಾಯಿತು. ಹಾಗಾಗಿ ಕಾರು.

ಹೋದ ಸುಗ್ಗಿಯಲ್ಲಿ ಊರು ಇನ್ನೇನು ಬಂತು ಎನ್ನುವಾಗ ಒಂದು ತಿರುವಿನಲ್ಲಿ ಗಾಡಿ ಎಡಕ್ಕೆ ಸರಿಯಿತು. ಅಲ್ಲಿ ಅರ್ಧ ರಸ್ತೆಗೆ ಭತ್ತ ಒಣಹಾಕಿ ಅಂಚಿಗೆ ಕಲ್ಲಿಟ್ಟಿದ್ದರು. ಭತ್ತದ ಮೇಲೆ ಬ್ರೇಕು ತುಳಿದೆ. ತುಳಿಯಬಾರದು. ಗಾಡಿ ಎಣ್ಣೆ ಹಚ್ಚಿದಂತೆ ಜಾರಿ, ಕಾಲಿನಿಂದ ಭತ್ತ ತಿರುವುತ್ತಿದ್ದ ಅದೇ ಊರಿನ ಹುಲಿಗೆಮ್ಮನ ಮುಂದೆ ಒಂದು ಮೊಳ ದೂರದಲ್ಲಿ ನಿಂತಿತು. ಅವಳು ಭತ್ತದ ಮೇಲೆಯೇ ಕೂತುಬಿಟ್ಟಳು. ಅಕ್ಕನ ಮಗ ಶರಣಪ್ಪ ಹೊಲದಿಂದ ಓಡಿ ಬಂದ.

“ಚಿಗವ್ವಾ, ಸುದ್ದ ಕಲಿಯೋತನ ಈ ಗಾಡಿ ನಮ್ಮ ಊರಿಗೆ ತರಬ್ಯಾಡ. ಆಕಿ ಸತ್ತಿದ್ರ ಅವರ ಮನಿ ಮಂದಿಗೆ ನಾ ಏನ್ ಹೇಳ್ಬೇಕಿತ್ತು? ನಾವ ಬರ್ತೀವಿ ಬಿಡು, ನಿನ್ನ ನೋಡಾಕ.”

ಅವನು ಹೇಳಿದ್ದು ಸರಿ. ತಪ್ಪು ನನ್ನದು. ಆದರೆ ಅವರು ಬರಲಿಲ್ಲ. ಸುಗ್ಗಿ ಬಿಟ್ಟು ಅವನು ಬರಲಾರ, ಮಂಚ ಬಿಟ್ಟು ಅಕ್ಕ ಬರಲಾರಳು. ಐದು ಆದಿತ್ಯವಾರ ಮನೆಯಲ್ಲಿ ಕೂತೆ. ಕುಕ್ಕರ್ ಸೀಟಿ ಹೊಡೆದರೆ ‘ಹೂಂ’ ಎನ್ನುವ ಹಂತಕ್ಕೆ ಬಂದಾಗ, ಹೀಗಾದರೆ ಆಗದು, ಎಲ್ಲಿಯಾದರೂ ಹೋಗಿ ಸರಿಯಾಗಿ ಕಲಿಯಬೇಕು ಎಂದುಕೊಂಡೆ.

ಮೊದಲು ಬಜಾರಿನ ಡ್ರೈವಿಂಗ್ ಸ್ಕೂಲಿಗೆ ಹೋದೆ. ಕುರ್ಚಿಯಲ್ಲಿದ್ದವನು ನನ್ನ ಲೈಸೆನ್ಸನ್ನು ಎರಡೂ ಕಡೆ ತಿರುವಿ ನೋಡಿ, “ಲೈಸೆನ್ಸ್ ಅದಲ್ರೀ ಯವ್ವಾ, ಮತ್ತೇನ್ ಕಲೀತೀರಿ?” ಎಂದ.

“ಮದಿವಿ ಆದಕೂಡ್ಲೆ ಸಂಸಾರ ಮಾಡಾಕ ಬರ್ತದೇನಪಾ?” ಎಂದೆ.

ಅವನಿಗೆ ಮದುವೆಯಾಗಿತ್ತೆಂದು ಕಾಣುತ್ತದೆ, ಲೈಸೆನ್ಸನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟ.

ಪಕ್ಕದ ಮನೆಯ ಸೊಸೆ ಫರೀದಾ ಫೋನಿನಲ್ಲಿ ಹುಡುಕಿದಳು. ಗಾಡಿ ಓಡಿಸಲು ಬರುವವರಿಗೇ ಮೇಲಿನ ಕ್ಲಾಸು ಹೇಳುವವರು ದೂರದ ದೊಡ್ಡ ಊರುಗಳಲ್ಲಿ ಇದ್ದಾರಂತೆ. ಜಾರುವ ನೆಲದಲ್ಲಿ ಹಿಡಿತ, ತಿರುವಿನಲ್ಲಿ ವೇಗ, ಎಲ್ಲವನ್ನೂ ಕಲಿಸುತ್ತಾರಂತೆ. ಚಿತ್ರದಲ್ಲಿ ಗಾಡಿಗಳು ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ನಿಂತಿದ್ದವು.

“ಹೆಲ್ಮೆಟ್ ಹಾಕ್ಕೋಬೇಕಂತ್ರೀ ಅಮ್ಮಾ,” ಎಂದಳು.

“ಕಾರಿನ್ಯಾಗ ಕುಂತು ಹೆಲ್ಮೆಟ್ ಯಾಕ ಬೇ? ಮ್ಯಾಲ ತಗಡ ಇಲ್ಲೇನು?”

ಆದರೂ ಫೋನ್ ಹಚ್ಚಿಸಿದೆ. ಅಲ್ಲಿದ್ದ ಹುಡುಗಿಗೆ ಕನ್ನಡ ಬರುತ್ತಿತ್ತು. ಬಹಳ ಮೆತ್ತಗೆ, “ಮಗನಿಗಾ ಮೇಡಂ?” ಎಂದಳು. ನನಗೇ ಎಂದೆ. ಆಮೇಲೆ, “ನಿಮ್ಮ ಗುರಿ ಏನು ಮೇಡಂ?” ಎಂದು ಕೇಳಿದಳು. “ಬಾಗಲವಾಡ,” ಎಂದೆ. ತಿಳಿಸುತ್ತೇವೆ ಎಂದು ಇಟ್ಟಳು. ಇನ್ನೂ ತಿಳಿಸುವವಳಿದ್ದಾಳೆ.

ನಮ್ಮಪ್ಪನ ಕಾಲದಲ್ಲಿ ಈ ಪಂಚಾಯಿತಿ ಇರಲಿಲ್ಲ. ಎತ್ತಿಗೆ ಕಣ್ಣಿತ್ತು. ಅಪ್ಪ ಬಂಡಿಯಲ್ಲಿ ನಿದ್ದೆ ಹೋದರೂ ಎತ್ತುಗಳು ಹಳ್ಳ ಬಳಸಿ ಮನೆ ಮುಟ್ಟಿಸುತ್ತಿದ್ದವು. ಒಂದು ಎತ್ತು ಎಡವಿದರೆ ಇನ್ನೊಂದು ತಡೆದು ನಿಲ್ಲುತ್ತಿತ್ತು. ಕಾರಿಗೆ ಕಣ್ಣಿನ ಹಾಗೆ ಎರಡು ದೀಪ ಇಟ್ಟಿದ್ದಾರೆ, ಅಷ್ಟೇ. ಅದು ತಾನಾಗಿ ಏನನ್ನೂ ನೋಡುವುದಿಲ್ಲ. ನೋಡುವ ಕೆಲಸವನ್ನೆಲ್ಲ ಕೂತವರ ತಲೆಗೆ ಕಟ್ಟಿದ್ದಾರೆ.

ಕಡೆಗೆ ಆ ಡ್ರೈವಿಂಗ್ ಸ್ಕೂಲಿನವನೇ ದಾರಿ ತೋರಿಸಿದ. ದೇವದುರ್ಗದಲ್ಲಿ ಹನುಮಂತಪ್ಪ ಎಂಬ ಬಸ್ ಡ್ರೈವರ್ ಇದ್ದಾರೆ, ರಿಟೈರ್ ಆದ ಮೇಲೆ ಲಾರಿಯವರಿಗೆ ತಿದ್ದಿ ಕಲಿಸುತ್ತಾರೆ ಎಂದ. ಫೋನ್ ಮಾಡಿದರೆ ಹನುಮಂತಪ್ಪ, “ಗಾಡಿ ನೀವ ಹೊಡಕೊಂಡು ಬರ್ರಿ. ಮುಟ್ಟಿದ್ರ ಕಲಸ್ತೀನಿ,” ಎಂದರು.

ಮುಟ್ಟಿದೆ. ದಾರಿಯುದ್ದಕ್ಕೂ ಟ್ರ್ಯಾಕ್ಟರುಗಳೂ ನನ್ನನ್ನು ಹಿಂದೆ ಹಾಕಿದವು.

ಊರ ಹೊರಗೆ ಒಂದು ಖಾಲಿ ಹತ್ತಿ ಗೋದಾಮಿನ ಅಂಗಳ. ಹನುಮಂತಪ್ಪ ಅಲ್ಲಿ ಭತ್ತದ ಹುಲ್ಲು ಹರಡಿಸಿದ್ದರು, ಗೋದಾಮಿನ ಮೂಲೆಯ ತಿರುವಿಗೆ ಹೊಟ್ಟು ತುಂಬಿದ ಚೀಲ ನಿಲ್ಲಿಸಿದ್ದರು. ಪಕ್ಕದಲ್ಲಿ ಕೂತು ಹೇಳತೊಡಗಿದರು. “ಬ್ರೇಕು ಹುಲ್ಲಿನ ಮ್ಯಾಲ ಅಲ್ರೀ ಯವ್ವಾ, ಹುಲ್ಲಿಗಿಂತ ಮದ್ಲ. ಜಾರಾಕತ್ತಿದ್ರ ಕಾಲು ತಗೀರಿ, ಹೋಗಬೇಕಾದ ಕಡಿ ನೋಡ್ರಿ. ಕಣ್ಣು ಹೋದಲ್ಲಿ ಗಾಡಿ ಹೋಗ್ತದ.”

ಹತ್ತು ಸಲ ಜಾರಿದೆ. ಹನ್ನೊಂದನೆಯ ಸಲ ಹಿಡಿದೆ. ಮೂಲೆಯ ತಿರುವನ್ನೂ ಚೀಲ ಮುಟ್ಟದೆ ದಾಟಿದೆ. ಇಷ್ಟೇನಾ ಎಂದುಕೊಂಡೆ. ಆಗ ಅವರು ಇಳಿದು ನಿಂತು, ಒಬ್ಬರೇ ಸುತ್ತು ಹಾಕಿರಿ ಎಂದರು. ಗಾಡಿ ಎಡಕ್ಕೆ ಹೋಗಿ ಚೀಲ ಕೆಡವಿತು. ಎತ್ತಿ ನಿಲ್ಲಿಸಿದರು. ಮತ್ತೆ ಕೆಡವಿದೆ. ಮೂರನೆಯ ಸಲ ಅವರು ಕಿಟಕಿಗೆ ಬಂದು ಬಗ್ಗಿದರು.

“ನಾ ಕುಂತ್ರ ಛಲೋ ಹೊಡೀತೀರಿ, ಇಳದ್ರ ಎಡಕ್ಕ ಹೋಗ್ತೀರಿ. ತಿರುವು ಬಂದಕೂಡ್ಲೆ ಆ ಖಾಲಿ ಸೀಟ್ ಯಾಕ ನೋಡ್ತೀರಿ? ಯಾರ ಅದಾರ ಅಲ್ಲಿ?”

ನೋಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಹೇಳಿದ ಮೇಲೆ ಎಲ್ಲ ತಿಳಿಯಿತು.

“ನಮ್ಮ ಮನಿಯವ್ರು ಅಲ್ಲಿ ಕುಂಡ್ರತಿದ್ರು. ತಿರುವು ಬಂದ್ರ ‘ಖಾಲಿ ಅದ, ಹೊಡಿ’ ಅಂತಿದ್ರು. ಅವರು ಅನ್ನೋತನ ನಾ ಹೊಡೀತಿದ್ದಿಲ್ಲ.”

“ಹಳೇ ಡ್ರೈವರ್ ಇರ್ಬೇಕು.”

“ಹೌದು. ಆದ್ರ ಕೊನಿಗೆ ನಾಕು ವರ್ಷ ಅವರಿಗೆ ಕಣ್ಣು ಕಾಣ್ತಿದ್ದಿಲ್ಲ.”

ಹನುಮಂತಪ್ಪ ನನ್ನನ್ನೇ ನೋಡಿದರು. “ಕಣ್ಣಿಲ್ಲದವ್ರು ಖಾಲಿ ಅದ ಅಂದ್ರು, ಕಣ್ಣಿದ್ದ ನೀವು ಹೊಡದ್ರಿ?”

“ಹೂಂ.”

“ಯಪ್ಪಾ! ಆ ನಾಕು ವರ್ಷ ರಾಯಚೂರ ರಸ್ತಿ ಮ್ಯಾಲ ನಾ ಬಸ್ ಓಡಿಸೀನಲ್ರೀ!”

ಇಲ್ಲಿ ನಾನು ಅತ್ತುಬಿಟ್ಟೆ ಎಂದು ಬರೆದರೆ ಓದುವವರಿಗೆ ಹಿತ. ಅಳಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮ ಮನೆಯವರು ಸತ್ತ ಮೇಲೆ ಅವರ ವಿಷಯಕ್ಕೆ ನಾನು ನಕ್ಕಿದ್ದು ಅದೇ ಮೊದಲು. ಅವರಿಗೆ ಕಾಣುತ್ತಿಲ್ಲವೆಂದು ನನಗೆ ಗೊತ್ತಿತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ಆದರೂ ಅವರು ಹೇಳುವುದು, ನಾನು ಕೇಳುವುದು ನಡೆದೇ ಇತ್ತು. ಸಂಸಾರದಲ್ಲಿ ಇಂಥವು ನಾಲ್ಕಾರು ಇರುತ್ತವೆ. ಬಿಡಿಸಿ ನೋಡಿದರೆ ಒಂದಕ್ಕೂ ತಲೆ ಬುಡ ಇರುವುದಿಲ್ಲ.

ನಗು ಮುಗಿಸಿ ಹನುಮಂತಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. “ಅಂದಮ್ಯಾಲ ನಾಕು ವರ್ಷ ಒಬ್ಬರ ಓಡಿಸೀರಿ ಯವ್ವಾ. ಈಗೇನ್ ಅಂಜಿಕಿ? ಇನ್ನ ಅವರ ಮಾತು ನೀವ ಆಡ್ರಿ. ಕಣ್ಣಿಗೆ ಕಂಡದ್ದು ಬಾಯಿಲೆ ಹೇಳಕೋಂತ ಹೊಡೀರಿ. ಹೇಳಬೇಕಂದ್ರ ನೋಡಬೇಕಾಗ್ತದ.”

ಗಾಡಿಯಲ್ಲಿ ಒಬ್ಬಳೇ ಕೂತು ಬಾಯಿ ಬಿಡಲು ನಾಚಿಕೆಯಾಯಿತು. ಮನೆಯಲ್ಲಿ ದಿನಗಟ್ಟಲೆ ಮಾತಿಲ್ಲದೆ ಇದ್ದವಳಿಗೆ ನನ್ನ ದನಿಯೇ ಯಾರದೋ ಎನ್ನಿಸಿತು. ಗೋದಾಮಿನ ಗೋಡೆ ಕಂಡು “ಗ್ವಾಡಿ,” ಎಂದೆ. “ನಾಯಿ. ಚೀಲ. ಮುಂದ ಖಾಲಿ ಅದ.” ಗಾಡಿ ತಿರುಗಿತು. ಚೀಲ ನಿಂತಲ್ಲೇ ಇತ್ತು.

ಮುಂದಿನ ಆದಿತ್ಯವಾರ ಬಾಗಲವಾಡಕ್ಕೆ ಹೊರಟೆ. ದಾರಿಯುದ್ದಕ್ಕೂ ಬಾಯಿ ನಿಲ್ಲಿಸಲಿಲ್ಲ. ಊರ ಮುಂದಿನ ತಿರುವಿನಲ್ಲಿ ಭತ್ತ ಹಾಗೇ ಹರಡಿತ್ತು. ಅದಕ್ಕೆ ಹತ್ತು ಮಾರು ಮೊದಲೇ ಬ್ರೇಕು ಹಾಕಿ, ಎದುರಿಗೆ ಬಂದ ಆಟೋ ಹೋಗಲು ಬಿಟ್ಟು, ಒಂದು ಕಾಳೂ ಮುಟ್ಟದೆ ದಾಟಿದೆ. ಶರಣಪ್ಪ ಹೆಗಲ ಮೇಲಿನ ಚೀಲ ಇಳಿಸಿ, “ಎಲ್ಲಿ ಕಲ್ತಿ ಚಿಗವ್ವಾ?” ಎಂದ. ಹುಲಿಗೆಮ್ಮ ಮಾತ್ರ ಹೊಲದ ಬದುವಿನ ಮೇಲೆ ಏರಿ ನಿಂತಿದ್ದಳು. “ಕಲ್ತಿರ್ಲಿ ಬಿಡ್ರಿ. ಆಕಿ ಹೋಗೋತನ ನಾ ಇಲ್ಲೇ ನಿಂದಿರ್ತೀನಿ.”

ಅಕ್ಕ ಮಂಚದಲ್ಲೇ ಇದ್ದಳು, ಕಿಟಕಿ ಅವಳ ತಲೆಯ ಹಿಂದೆ.

“ಯಾರ ಜೋಡಿ ಬಂದಿ ಈರಿ? ಮಾತು ಕೇಳಸ್ತಿತ್ತಲ್ಲ.”

“ಒಬ್ಬಾಕೀನ ಬಂದೀನಿ. ರಸ್ತಿ ಮ್ಯಾಲ ಕಂಡದ್ದು ಹೇಳಕೋಂತ ಗಾಡಿ ಹೊಡದ್ರ ದಾರಿ ತಪ್ಪಂಗಿಲ್ಲಂತ.”

ಅಕ್ಕ ಮಾಳಿಗೆಯ ಜಂತಿಯ ಕಡೆ ಕಣ್ಣು ಹೊರಳಿಸಿದಳು. ಆರು ವರ್ಷದಿಂದ ಅವಳು ನೋಡುತ್ತಿರುವುದು ಅದೊಂದನ್ನೇ.

“ಹಂಗಾದ್ರ ಏನೇನ್ ಕಂಡಿ, ನನಗೂ ಹೇಳು.”

ಮೊದಲೆಲ್ಲ ಅಷ್ಟು ದೂರ ಹೋಗಿ, ಹೇಗಿದ್ದೀ, ಹೀಗಿದ್ದೇನೆ ಎಂದ ಮೇಲೆ ಏನು ಆಡಬೇಕೆಂದು ತಿಳಿಯದೆ ಇಬ್ಬರೂ ಸುಮ್ಮನೆ ಕೂಡುತ್ತಿದ್ದೆವು. ಈಗ ಆ ತೊಂದರೆ ಇಲ್ಲ. ರಾಯಚೂರಿನ ಸ್ಟೇಷನ್ನಿನಿಂದ ಶುರುಮಾಡುತ್ತೇನೆ. ಹತ್ತಿ ಲಾರಿ, ಅಡ್ಡ ಬಂದ ಎಮ್ಮೆ, ಯಾರದೋ ಮನೆಗೆ ಹೊಸ ಬಣ್ಣ, ನೀರು ಬಿಟ್ಟ ಕಾಲುವೆ, ಒಂದನ್ನೂ ಬಿಡುವುದಿಲ್ಲ. ಅವಳು ಕಣ್ಣು ಮುಚ್ಚಿ ಕೇಳುತ್ತಾಳೆ. ದಾರಿಯ ನಡುವಿನ ಊರು ಮಲ್ಲಟ ದಾಟುವಷ್ಟರಲ್ಲಿ ನಿದ್ದೆ ಹೋಗುತ್ತಾಳೆ. ನಾನು ನಿಲ್ಲಿಸುವುದಿಲ್ಲ; ನಡುದಾರಿಯಲ್ಲಿ ಅಕ್ಕನನ್ನು ಬಿಟ್ಟು ಇಳಿದು ಹೋಗಲು ಬರುತ್ತದೆಯೇ?