ಇಲ್ಲದ ಹನ್ನೊಂದು ಮಂದಿ

ಉಳಿದ ಹನ್ನೊಂದು ಮಂದಿಯೂ ನಿಮ್ಮ ಮಾತಿಗೆ ವಿರುದ್ಧವಾಗಿದ್ದಾರೆ ಎಂದು ನಾನು ಸುಶೀಲಕ್ಕನವರಿಗೆ ಫೋನಿನಲ್ಲಿ ಹೇಳಿದ್ದು ಸುಳ್ಳು. ಆ ಹನ್ನೊಂದರಲ್ಲಿ ಆ ದಿನ ನನ್ನ ಮೇಜಿನ ಮೇಲೆ ಇದ್ದದ್ದು ಮೂರೇ ಮೂರು ಉತ್ತರ. ಎಂಟು ಮಂದಿ ಇನ್ನೂ ಬಾಯಿಯನ್ನೇ ತೆರೆದಿರಲಿಲ್ಲ — ಅವರ ಪರವಾಗಿ ನಾನೇ ತೆರೆದಿದ್ದೆ.

ಇದನ್ನು ಹೇಳಲು ನನಗೆ ಹತ್ತು ವರ್ಷ ಹಿಡಿಯಿತು. ನಾನು ಹುಟ್ಟಾ ಚಿಂತೆಯ ಮನುಷ್ಯ. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ. ಮಳೆ ಬಂದರೆ ಹಿಡಕಲ್ ಜಲಾಶಯ ತುಂಬೀತೆಂಬ ಚಿಂತೆ, ಬಾರದಿದ್ದರೆ ತುಂಬಲಿಕ್ಕಿಲ್ಲವೆಂಬ ಚಿಂತೆ. ಇಂಥವನಿಗೆ ಮುಂದಿನ ಕಾಲದ ಬಗ್ಗೆ ಬರೆಯುವ ಪತ್ರಿಕೆಯಲ್ಲಿ ಕೆಲಸ ಸಿಕ್ಕಿದ್ದು ಯಾರಿಗೂ ಆಶ್ಚರ್ಯವೆನಿಸಲಿಲ್ಲ. ಮಾಡಬಾರದ ಈ ಒಂದು ಕೆಲಸ ಮಾಡುವಾಗ ಮಾತ್ರ ನನಗೆ ಯಾವ ಚಿಂತೆಯೂ ಆಗಲಿಲ್ಲ. ಅದೇ ನನ್ನನ್ನು ಈಗ —

ಇರಲಿ, ಮೊದಲಿನಿಂದ ಹೇಳುತ್ತೇನೆ.

ನಮ್ಮ ತ್ರೈಮಾಸಿಕ ನಡೆಯುವುದು ಗೋಕಾಕದಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಇವತ್ತಿನ ಗುರುತುಗಳನ್ನು ಹಿಡಿದು ನಾಳೆ ನಮ್ಮ ನೀರು, ಬೆಳೆ, ಶಾಲೆ, ಸಂಸಾರ ಏನಾಗಬಹುದು ಎಂದು ಯೋಚಿಸುವ ಪತ್ರಿಕೆ ಇದು. ಜ್ಯೋತಿಷ್ಯವಲ್ಲ ಎಂದು ಹೇಳಿ ಹೇಳಿ ಸೋತಿದ್ದೇವೆ. ಈಗಲೂ ಯಾರಾದರೂ ಮೆಟ್ಟಿಲು ಹತ್ತಿ ಬಂದು, "ಸರ್, ನನ್ನ ಸಾಡೇಸಾತಿ ಯಾವಾಗ ಮುಗೀತೈತ್ರಿ?" ಎಂದು ಕೇಳುವುದುಂಟು.

ಹತ್ತು ವರ್ಷದ ಹಿಂದೆ ಒಕ್ಕಲುತನದ ನಾಳೆಯ ಬಗ್ಗೆ ವಿಶೇಷ ಸಂಚಿಕೆ ತರುವುದೆಂದಾಯಿತು. ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಹನ್ನೆರಡು ಮಂದಿ ಅನುಭವಿಗಳನ್ನು ಆರಿಸಿದೆವು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಪ್ರಶ್ನೆ ಕಳಿಸುವುದು, ಎಲ್ಲರ ಉತ್ತರ ಬಂದ ಮೇಲೆ, ಯಾರ ಮಾತು ಉಳಿದವರಿಂದ ದೂರ ಇದೆಯೋ ಅವರಿಗೆ ಅದನ್ನು ತಿಳಿಸಿ, "ಇನ್ನೊಮ್ಮೆ ಯೋಚಿಸುತ್ತೀರಾ?" ಎಂದು ಕೇಳುವುದು. ಯಾರು ಏನು ಹೇಳಿದರೆಂದು ಮಾತ್ರ ಹೇಳುವಂತಿಲ್ಲ. ದೊಡ್ಡವರ ಹೆಸರು ಕೇಳಿ ಸಣ್ಣವರು ಬೆದರಬಾರದು ಎಂದು ಈ ನಿಯಮ. ಇದೇ ನಿಯಮದ ಮರೆಯಲ್ಲಿ ನಿಂತು ಎಂಥ ಸುಳ್ಳನ್ನಾದರೂ ಹೇಳಬಹುದು ಎಂದು ಅದನ್ನು ಮಾಡಿದವರಿಗೆ ಹೊಳೆದಿತ್ತೋ ಇಲ್ಲವೋ. ನನಗೆ ಹೊಳೆಯಿತು.

ಸುಶೀಲಕ್ಕ ಆಗ ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ ಎಂಬ ಊರಿನ ಕಡೆ ಸರಕಾರಿ ನರ್ಸ್ ಆಗಿದ್ದರು. ಬಾಣಂತನ, ಕೂಸುಗಳ ಲಸಿಕೆ ಎಂದು ಅವರು ಹೊಕ್ಕದ ಮನೆಯಿಲ್ಲ. ಹತ್ತು ವರ್ಷದಲ್ಲಿ ಹೊಲವುಳ್ಳವರ ಸ್ಥಿತಿ ಏನಾಗಬಹುದು ಎಂದು ಕೇಳಿದ್ದಕ್ಕೆ ಅವರು ಹೀಗೆ ಹೇಳಿದ್ದರು: "ಹೊಲಾ ನೋಡಿ ಕನ್ಯಾ ಕೊಡೂ ಕಾಲ ಮುಗೀತ್ರಿ ಸರ್. ನಾ ಮನಿಮನಿ ಅಡ್ಡಾಡ್ತೇನಿ, ಹುಡುಗ್ಯಾರು ಏನಂತಾರ ನನಗ ಗೊತ್ತೈತಿ. ಹತ್ತು ವರ್ಷ ತಡೀರಿ, ಇಪ್ಪತ್ತು ಎಕರೆ ಇದ್ದಾಂವನೂ ಕನ್ಯಾ ಹುಡಕ್ಕೋಂತ ಊರೂರು ತಿರಗ್ತಾನ. ಬರಕೋರಿ ಇದನ್ನ."

ಬರೆದುಕೊಂಡೆ. ನಕ್ಕೆ ಕೂಡ. ಏಕೆಂದರೆ ಆ ಸಂಚಿಕೆಯ ಮೊದಲ ಲೇಖನ ನನ್ನದು. ನೀರಾವರಿ ಹೊಲವಿದ್ದ ತರುಣನೇ ನಾಳೆಯ ರಾಜ, ಅವನ ಮನೆಗೆ ಹೆಣ್ಣು ಕೊಡಲು ಜನ ಸಾಲು ನಿಲ್ಲುತ್ತಾರೆ ಎಂದು ನಾನು ನಾಲ್ಕು ಪುಟ ಬರೆದು ಮುಗಿಸಿದ್ದೆ. ಹನ್ನೆರಡು ಮಂದಿ ಅದಕ್ಕೆ ಹೌದು ಎನ್ನುವುದಷ್ಟೇ ಬಾಕಿ ಇತ್ತು. ಮುದ್ರಣಕ್ಕೆ ಕಳಿಸುವ ದಿನ ಹತ್ತಿರ ಬಂದರೂ ಉತ್ತರಗಳು ಬರಲಿಲ್ಲ. ಸುಶೀಲಕ್ಕನದು ಬಿಟ್ಟು ಬಂದ ಮೂರರಲ್ಲಿ ಎರಡು ನನ್ನ ಕಡೆ. ಮೂರನೆಯದು ಹುಕ್ಕೇರಿ ಕಡೆಯ ಒಬ್ಬ ಕುರಿಗಾರರದು, ಮಗನಿಂದ ಬರೆಸಿದ್ದು. ಅವರು ಹೇಳಿದ್ದೂ ಸುಶೀಲಕ್ಕನ ಮಾತನ್ನೇ. ಅದರ ತಲೆಯ ಮೇಲೆ ನಾನು "ಸ್ಪಷ್ಟವಾಗಿಲ್ಲ" ಎಂದು ಬರೆದು ಬದಿಗಿಟ್ಟೆ. ಅಷ್ಟು ಸ್ಪಷ್ಟವಾದ ಉತ್ತರ ಇನ್ನೊಂದು ಬಂದಿರಲಿಲ್ಲ.

ಆಮೇಲೆ ಸುಶೀಲಕ್ಕನಿಗೆ ಫೋನು ಮಾಡಿದೆ.

"ಅಕ್ಕಾರ, ಉಳಿದ ಹನ್ನೊಂದೂ ಮಂದಿ ಬ್ಯಾರೆ ಹೇಳ್ಯಾರ್ರಿ. ನೀವೊಬ್ರ ಹಿಂಗ ಅಂದವ್ರು."

ಆ ಕಡೆ ಕುಕ್ಕರು ಕೂಗಿ ಸುಮ್ಮನಾಯಿತು. "ಖರೇನ? ಎಲ್ಲಾರೂ?"

"ಎಲ್ಲಾರೂ ರೀ."

"ಅವರು ಕಲ್ತವ್ರು... ನನಗ ಇದು ಮನ್ಯಾಗ ಒಂದು ಮಾತಿಗೆ ಬೇಕಾಗಿತ್ರಿ ಸರ್. ಇರ್ಲಿ ಬಿಡ್ರಿ. ಹಂಗಾರ ನಂದೂ ಅವರಂಗ ಮಾಡ್ಕೋರಿ."

ಯಾವ ಮಾತಿಗೆ, ಎಂದು ನಾನು ಕೇಳಲಿಲ್ಲ. "ಭಾಳ ಉಪಕಾರ ಆತ್ರಿ ಅಕ್ಕಾರ" ಎಂದೆ. ನಿಜಕ್ಕೂ ಹಗುರಾಗಿ, ಕೆಳಗಿಳಿದು ಹೋಗಿ ಚಹಾ ಕುಡಿದು ಬಂದೆ.

"ಹನ್ನೆರಡು ಅನುಭವಿಗಳ ಒಮ್ಮತ" ಎಂಬ ತಲೆಬರಹದೊಂದಿಗೆ ಸಂಚಿಕೆ ಬಂತು. ಕೊನೆಯಲ್ಲಿ ಹನ್ನೆರಡು ಹೆಸರು. ತಡವಾಗಿ ಬಂದ ಉತ್ತರಗಳ ಲಕೋಟೆಗಳನ್ನು ನಾನು ಒಡೆಯಲೇ ಇಲ್ಲ. ಒಂದು ಸಭೆಯಲ್ಲಿ ನನ್ನ ದೂರದೃಷ್ಟಿಯನ್ನು ಹೊಗಳಿ ಶಾಲು ಹೊದಿಸಿದರು. ಹೊದ್ದುಕೊಂಡೆ.

ಹೋದ ವರ್ಷ ನಮ್ಮಣ್ಣನ ಮಗನಿಗೆ ಕನ್ಯೆ ಹುಡುಕುವ ಪಾಳಿ ನನಗೆ ಬಂತು. ಎಂಟು ಎಕರೆ ನೀರಾವರಿ, ಸ್ವಂತ ಟ್ರ್ಯಾಕ್ಟರ್. ನನ್ನ ಲೇಖನದ ಪ್ರಕಾರ ಅವನು ರಾಜ. ಅದಕ್ಕೂ ಮೊದಲು ಮನೆಯವರು ಎರಡು ವರ್ಷ ಸುತ್ತಿದರೂ ರಾಣಿ ಸಿಕ್ಕಿರಲಿಲ್ಲ. ಯಾರೋ, "ಬಾಗೇವಾಡಿ ನರ್ಸಬಾಯಿನ್ನ ಕೇಳ್ರಿ, ಅವರಿಗೆ ಎಲ್ಲಾ ಮನಿ ಗೊತ್ತು" ಎಂದರು. ಹೋದೆ. ನಿವೃತ್ತರಾಗಿದ್ದ ಸುಶೀಲಕ್ಕ ನನ್ನ ಗುರುತು ಹಿಡಿದು ಗಟ್ಟಿಯಾಗಿ ನಕ್ಕರು.

"ಬರ್ರಿ ಬರ್ರಿ! ಈ ತಿಂಗಳದಾಗ ನೀವು ಐದನೇದವ್ರು. ಏನ್ರಿ, ನಿಮ್ಮ ಹನ್ನೊಂದು ಮಂದಿ ಈಗ ಏನಂತಾರ್ರಿ?"

ನಾನೂ ನಕ್ಕೆ. ಚಹಾ ಕೊಟ್ಟರು. ಆಮೇಲೆ, ದೂರುವ ದನಿಯಲ್ಲಿ ಅಲ್ಲ, ಸುಮ್ಮನೆ ಹಳೆಯ ಮಾತು ತೆಗೆದಂತೆ, ತಮ್ಮನ ಮಗಳು ರೇಖಾಳ ವಿಷಯ ಹೇಳಿದರು.

ಆ ವರ್ಷ ರೇಖಾಗೆ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅದೇ ಹೊತ್ತಿಗೆ ಮೂಡಲಗಿ ಕಡೆಯ ಹನ್ನೆರಡು ಎಕರೆಯವರು ಹೆಣ್ಣು ಕೇಳಿದ್ದರು. "ಓದು ಮುಗಿಸೂದ್ರಾಗ ಇಂಥಾ ಮನಿ ಕೈ ಬಿಡ್ತೈತಿ" ಎಂದು ತಮ್ಮನ ಹಟ. "ನಾಕು ವರ್ಷ ತಡಿ, ಇಂಥಾವು ಹತ್ತು ಮನಿ ಬಾಗಲಿಗೆ ಬರ್ತಾವು" ಎಂದು ಅಕ್ಕನ ಹಟ. ಹುಡುಗಿ ಸೋದರತ್ತೆಯ ಬೆನ್ನ ಹಿಂದೆ ನಿಂತಿದ್ದಳು. ಅವಳ ಓದೆಲ್ಲ ಅತ್ತೆಯ ಆ ಒಂದು ಮಾತಿನ ಮೇಲೆ ನಿಂತಿತ್ತು. ಅಷ್ಟರಲ್ಲಿ ನನ್ನ ಫೋನು.

"ಹನ್ನೊಂದು ಮಂದಿ ಕಲ್ತವ್ರು ಇಲ್ಲಾ ಅಂದಮ್ಯಾಲ ನಂದೇ ತಪ್ಪಿರಬೇಕು ಅನ್ನಿಸ್ತರಿ. ಹುಡುಗಿ ಬಾಳೇವು ಹಾಳ ಮಾಡಿ ಕೆಟ್ಟ ಹೆಸರು ತಗೋಳಾಕ ನಾ ಯಾರು? ಸುಮ್ಮನಾದೆ. ಆಮ್ಯಾಲ ನಿಮ್ಮ ಪುಸ್ತಕ ಬಂತು. ನಮ್ಮ ತಮ್ಮ ತಂದು, 'ನೋಡಕ್ಕಾ, ನಿನ್ನ ಹೆಸರೂ ಐತಿ' ಅಂದ. ಲಗ್ನ ಆತು. ಗಂಡ ಛಲೋ ಅದಾನ್ರಿ, ಅದಕ್ಕೇನಿಲ್ಲ. ಆದ್ರ ಅರಭಾವ್ಯಾಗ ಬಸ್ಸು ನಿಂತ್ರ ಆ ಹುಡುಗಿ ಮಖಾ ಈ ಕಡೆ ತಿರುವಿ ಕೂಡ್ತಾಳ."

ಆಗಲೇ ಹೇಳಬೇಕಿತ್ತು. ಲೋಟ ಕೆಳಗಿಟ್ಟು, ಅಣ್ಣನ ಮಗನ ಫೋಟೋ ಕೊಟ್ಟು ಬಂದೆ. ಹೌದು — ಅಷ್ಟು ಕೇಳಿದ ಮೇಲೂ ಫೋಟೋ ಕೊಟ್ಟು ಬಂದೆ.

ಗಂಡ ಒಳ್ಳೆಯವನಂತೆ, ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಕಾಲೇಜಿಗೆ ಹೋಗಿದ್ದರೂ ಏನಾಗುತ್ತಿತ್ತೋ ಯಾರು ಕಂಡವರು, ಎಂದೂ ಹೇಳಿಕೊಂಡೆ. ಮುಂದಾಗುವುದನ್ನು ಕಾಣುತ್ತೇನೆಂದು ಇಷ್ಟು ವರ್ಷ ಪಗಾರ ತಿಂದವನ ಬಾಯಲ್ಲಿ ಆ ಮಾತು — ಬೇಡ.

ಹೋದ ತಿಂಗಳು ಮತ್ತೆ ಬಾಗೇವಾಡಿಗೆ ಹೋಗಿ ಎಲ್ಲ ಹೇಳಿದೆ. ಸುಶೀಲಕ್ಕ ಮೆಂತೆ ಸೊಪ್ಪು ಸೋಸುತ್ತಿದ್ದರು. ಬೈಯುತ್ತಾರೆಂದು ಸಿದ್ಧನಾಗಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಕೇಳಿದ್ದು ಒಂದೇ.

"ಮೂರರಾಗ ಒಬ್ರು ನನ್ನಂಗ ಹೇಳಿದ್ರು ಅಂದ್ರಿ. ಯಾರವ್ರು?"

ನಿಯಮದ ಪ್ರಕಾರ ಹೇಳುವಂತಿಲ್ಲ. ಹೇಳಿದೆ. "ಹುಕ್ಕೇರಿ ಬಾಜೂದವ್ರು ರೀ, ಕುರಿಗಾರ್ರು."

ಅವರ ಕೈ ನಿಂತಿತು. "ಅವರೊಬ್ರಿದ್ರ ಸಾಕಾಗಿತ್ತಲ್ರೀ ನನಗ. ಇಬ್ರಾಗತಿದ್ವಿ."

ಮತ್ತೆ ಸೊಪ್ಪಿಗೆ ಕೈ ಹಾಕಿ, ತಲೆ ಎತ್ತದೆ ಅಂದರು: "ನನ್ನ ಮುಂದ ಹೇಳಿದ್ರಿ, ಆತು. ರೇಖಾನ ಮುಂದ ನಾ ಹೇಳಾಂಗಿಲ್ಲ. ಅದು ನಿಮ್ಮ ಕೆಲಸ."

ರೇಖಾಳ ಮುಖವನ್ನು ನಾನು ಒಮ್ಮೆಯೂ ನೋಡಿಲ್ಲ. ಬರುವ ಬುಧವಾರ ಮೂಡಲಗಿಗೆ ಹೋಗುತ್ತೇನೆ. ಈ ಬರಹ ಪತ್ರಿಕೆಗೆ ಹೋಗುವುದು ಅದಾದ ಮೇಲೆ, ಅದೂ ಆಕೆ ಒಪ್ಪಿದರೆ. ಆಕೆಯ ಮುಂದೆ ಏನು ಹೇಳಬೇಕೆಂದು ಬರೆದುಕೊಂಡು ಮೂರು ಸಲ ಹರಿದು ಹಾಕಿದೆ. ಪ್ರತಿ ಸಲವೂ ಎಲ್ಲೋ ಒಂದು ಕಡೆ ನನ್ನ ಕೆಲಸದ ಒತ್ತಡ, ಸಂಚಿಕೆಯ ಅವಸರ ನುಸುಳಿ ಬರುತ್ತಿತ್ತು. ಈಗ ಹಾಳೆಯ ಮೇಲೆ ಉಳಿದಿರುವುದು ಇಷ್ಟೇ: ನಿಮ್ಮ ಸೋದರತ್ತೆ ಒಬ್ಬರೇ ಇರಲಿಲ್ಲ. ಅದು ನನಗೆ ಗೊತ್ತಿತ್ತು.