ತಲೆಯಲ್ಲಿ ಉಳಿದ ಅಳತೆ

ಅವರನ್ನು ಎಲ್ಲರೂ ‘ಕೂದಲೆಳೆ’ ಎಂದೇ ಕರೆಯುತ್ತಿದ್ದರು. ರೈಲ್ವೆ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತಿನ ಮುಂದೆ ನಿಂತರೆ, ಅಳತೆ ಕೂದಲೆಳೆಯಷ್ಟು ತಪ್ಪಿದರೂ ಆ ತುಂಡನ್ನು ಪಕ್ಕಕ್ಕೆ ಎಸೆದು ಹೊಸದನ್ನು ಹಿಡಿಯುವ ಮನುಷ್ಯ. ಮನೆಯಲ್ಲೂ ಅಷ್ಟೆ, ಗೋಡೆಯ ಪಟ ತುಸು ಓರೆಯಾಗಿದ್ದರೂ ಊಟಕ್ಕೆ ಕೂರುತ್ತಿರಲಿಲ್ಲ. “ನನ್ನ ಮೂಗೂ ಸ್ವಲ್ಪ ಸೊಟ್ಟ ಇದೆ, ಮದುವೆಗೆ ಮುಂಚೆ ಅದನ್ನ ಹೇಗೆ ಬಿಟ್ರೋ” ಎಂದು ಹೆಂಡತಿ ನಗುತ್ತಿದ್ದಳು.

ಯುದ್ಧ ಜೋರಾಗಿದ್ದ ಕಾಲ. ಕಾರ್ಖಾನೆಗೆ ಬಂದ ಇಬ್ಬರು ಅಧಿಕಾರಿಗಳು ಅವರ ಕೆಲಸ ನೋಡಿ, “ದೇಶಕ್ಕೆ ನಿಮ್ಮ ಕೈ ಬೇಕು. ಮನೆ ಕೊಡ್ತೀವಿ. ಎಲ್ಲಿ, ಯಾಕೆ ಅಂತ ಮಾತ್ರ ಕೇಳ್ಬೇಡಿ” ಎಂದರು. ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಗಂಡ ಹೆಂಡತಿ ಹೋಗಿ ಇಳಿದದ್ದು ಮುಳ್ಳುತಂತಿ ಸುತ್ತಿದ ಒಂದು ವಸಾಹತಿನಲ್ಲಿ. ಅಂಗಡಿ, ಶಾಲೆ, ಆಸ್ಪತ್ರೆ ಎಲ್ಲವೂ ಬೇಲಿಯೊಳಗೇ. ಯುದ್ಧ ಮುಗಿಯುವ ತನಕ ಯಾರೂ ಹೊರಗೆ ಕಾಲಿಡುವಂತಿಲ್ಲ. ಕೂದಲೆಳೆ ತಮ್ಮ ತಂಗಿಗೆ ಬರೆದ ಕಾಗದವನ್ನು ಯಾರೋ ಓದಿ, ಅಲ್ಲಲ್ಲಿ ಮಸಿ ಬಳಿದು ಕಳಿಸುತ್ತಿದ್ದರು. ತಂಗಿಯ ಗಂಡ ಸೈನಿಕ, ಆಗ ಯುದ್ಧದ ಮುಂಚೂಣಿಯಲ್ಲಿದ್ದ.

ಕೂದಲೆಳೆಯ ಕೆಲಸ ‘ಒಳಮನೆ’ಯಲ್ಲಿ. ಕಾರ್ಖಾನೆಯೊಳಗಿನ ಕಿಟಕಿಯಿಲ್ಲದ ಕೋಣೆಗೆ ಕೆಲಸಗಾರರು ಇಟ್ಟ ಹೆಸರು ಅದು. ಬಟ್ಟೆ ಬದಲಿಸಿ, ಕೈಗವಸು ತೊಟ್ಟು, ಕಾವಲುಗಾರನೊಬ್ಬ ಬೆನ್ನ ಹಿಂದೆಯೇ ನಿಂತಿರುವಾಗ ಬೂದು ಬಣ್ಣದ ಲೋಹವೊಂದನ್ನು ಬಟ್ಟಲಿನ ಆಕಾರಕ್ಕೆ ಕಡೆಯಬೇಕು. ಅಂಗೈಯಗಲದ ತುಂಡು ಎತ್ತಿದರೆ ತೋಳು ಜಗ್ಗುತ್ತಿತ್ತು. ಇದೇನೆಂದು ಕೇಳಿದ್ದಕ್ಕೆ ಮೇಲ್ವಿಚಾರಕ, “ಅಳತೆ ಕೊಟ್ಟಿದೀನಲ್ಲ, ಸಾಲ್ದಾ?” ಎಂದ. ಕೂದಲೆಳೆಗೆ ಸಾಕಾಗಿತ್ತು. ನಿಜ ಹೇಳಬೇಕೆಂದರೆ, ಅಷ್ಟು ಹಟಮಾರಿ ಲೋಹ ಕೈಗೆ ಸಿಕ್ಕಿದ್ದಕ್ಕೆ ಅವರಿಗೆ ಒಳಗೊಳಗೇ ಖುಷಿಯಾಗಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ವಿಜ್ಞಾನಿ ಇದ್ದರು. ಹಿಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರಾದ್ದರಿಂದ ಎಲ್ಲರ ಬಾಯಲ್ಲೂ ಅವರು ‘ಮೇಷ್ಟ್ರು’. ಒಂದು ಸಂಜೆ ಹಿತ್ತಲಲ್ಲಿ ಸೈಕಲ್ ಚೈನು ಕೂರಿಸಿಕೊಳ್ಳುತ್ತ ಕೂದಲೆಳೆಯನ್ನು ಹತ್ತಿರ ಕರೆದರು.

“ಯಜಮಾನ್ರೇ, ನೀವು ಕಡೀತಿರೋದು ಬಾಂಬಿನ ಗರ್ಭ. ಒಂದು ಸಾಕು, ಒಂದು ಊರು ಇರಲ್ಲ.”

“ಊರು ಅಂದ್ರೆ? ದಂಡು ಇರೋ ಊರಾ?”

“ಊರು ಅಂದ್ರೆ ಊರು. ಈ ಬೀದಿ ಇದೆಯಲ್ಲ, ಹೀಗೆ.” ಮೇಷ್ಟ್ರು ಕೈಯ ಎಣ್ಣೆ ಒರೆಸಿಕೊಂಡರು. “ಶತ್ರು ಮೊದಲು ಮಾಡಿಬಿಟ್ರೆ ಅನ್ನೋ ಭಯಕ್ಕೆ ನಾವು ಶುರು ಮಾಡಿದ್ದು. ಅವನ ಹತ್ರ ಇಲ್ಲ ಅಂತ ಈಗ ಗೊತ್ತಾಗಿದೆ. ಮೊದಲು ಯಾರೂ ಇಲ್ಲದ ಬಯಲಲ್ಲಿ ಸಿಡಿಸಿ ಶತ್ರುಗೆ ತೋರಿಸಿ ಅಂತ ನಾವು ಕೆಲವರು ನಾಳೆ ನಿರ್ದೇಶಕರನ್ನ ಕೇಳ್ತೀವಿ. ನೀವೂ ಬನ್ನಿ.”

ವಿಷಯ ಕೇಳಿದ ಹೆಂಡತಿ ಒಲೆ ಆರಿಸಿ ಬಂದಳು. “ನಿಮ್ಮ ತಂಗಿ ಗಂಡ ಯುದ್ಧದಲ್ಲಿದಾನೆ, ಮರೆತ್ರಾ?”

“ಮರೆತಿದ್ರೆ ಎಷ್ಟು ಚೆನ್ನಾಗಿತ್ತು” ಎಂದರು. ಆದರೂ ಹೋದರು.

ನಿರ್ದೇಶಕರು ಗದರಲಿಲ್ಲ. ಎಲ್ಲರಿಗೂ ಕುರ್ಚಿ ಹಾಕಿಸಿದರು, ಪೂರ್ತಿ ಕೇಳಿಸಿಕೊಂಡರು. “ನೀವು ಕೇಳ್ತಿರೋದು ತಪ್ಪು ಅಂತ ನಾನು ಅನ್ನಲ್ಲ. ಆದ್ರೆ ಬಯಲಲ್ಲಿ ಅದು ಸಿಡೀಲಿಲ್ಲ ಅಂದ್ರೆ? ಸಿಡಿದ್ರೂ ಅವರು ಸೋಲೊಪ್ಪಲಿಲ್ಲ ಅಂದ್ರೆ? ಅಲ್ಲೀವರೆಗೆ ಸಾಯೋ ನಮ್ಮ ಹುಡುಗರ ಮನೆಗೆ ಹೋಗಿ ಹೇಳೋರು ಯಾರು?” ಎಂದು ಕೂದಲೆಳೆಯ ಕಡೆ ತಿರುಗಿದರು. “ನಿಮ್ಮ ತಂಗಿಗೆ ನೀವು ಹೇಳ್ತೀರಾ?”

ಕಾಗದ ಓದುವವರು ನಿರ್ದೇಶಕರಿಗೆ ಎಲ್ಲವನ್ನೂ ಮುಟ್ಟಿಸಿದ್ದರು. ಕೂದಲೆಳೆ ಕುರ್ಚಿಯಿಂದೆದ್ದು ಹೊರಬಂದರು. ಮರುದಿನ ಲೇತಿನ ಮುಂದೆ ನಿಂತರು. ನಿಲ್ಲುವುದಿಲ್ಲವೆಂದರೆ ಆ ಬೇಲಿಯೊಳಗೆ ಹೋಗಿ ಕೂರುವುದಕ್ಕಾದರೂ ಜಾಗ ಎಲ್ಲಿತ್ತು?

ಶತ್ರುವಿನ ಒಂದು ಊರಿನ ಮೇಲೆ ಬಾಂಬು ಬಿದ್ದ ಸುದ್ದಿ ಧ್ವನಿವರ್ಧಕದಲ್ಲಿ ಬಂತು. ಕ್ಯಾಂಟೀನಿನಲ್ಲಿ ಜನ ತಟ್ಟೆ ಬಡಿದು ಕುಣಿದರು. ಮೇಷ್ಟ್ರ ಮನೆ ಬಾಗಿಲು ತೆರೆಯಲಿಲ್ಲ. ಯುದ್ಧ ಮುಗಿಯಿತು. ಬಾಂಬು ತಯಾರಾದದ್ದು ಈ ವಸಾಹತಿನಲ್ಲೆಂದು ಪತ್ರಿಕೆಗಳೂ ಬರೆದವು.

ನೆಂಟರನ್ನು ಒಳಗೆ ಬಿಡಲು ಶುರುಮಾಡಿದ ಮೇಲೆ ತಂಗಿ, ಅವಳ ಗಂಡ ಬಂದರು. ತಂಗಿ ತುಂಬಿದ ಬಸುರಿ. ಅವನು ಇವರ ಎರಡೂ ಕೈ ಹಿಡಿದುಕೊಂಡು, “ನಾನು ಮನೆ ಸೇರಿದ್ದು ಈ ಕೈಯಿಂದ, ಭಾವ” ಎಂದ. ಕೂದಲೆಳೆ ಮೆಲ್ಲಗೆ ಕೈ ಬಿಡಿಸಿಕೊಂಡರು. ಅವರು ಪತ್ರಿಕೆಯಲ್ಲಿ ಆ ಊರಿನ ಚಿತ್ರ ನೋಡಿದ್ದರು. ಊರೆನ್ನುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

“ಅಲ್ಲಿ ಮಕ್ಕಳಿದ್ರು” ಎಂದರು ಊಟದ ನಡುವೆ.

“ನಾವೂ ಊರುಗಳಿಗೆ ಬೆಂಕಿ ಇಟ್ಟಿದೀವಿ ಭಾವ. ಅಲ್ಲೂ ಮಕ್ಕಳಿದ್ರು. ಆಗ ಯಾರಿಗೂ ಊಟ ಸೇರದೆ ಹೋಗ್ಲಿಲ್ಲ. ಬಾಂಬು ಬಿದ್ದಾಗ ನಾವು, ನಾಳೆ ಶತ್ರುವಿನ ದಡಕ್ಕೆ ಇಳೀಬೇಕು ಅಂತ ಹಡಗಲ್ಲಿ ಕೂತಿದ್ವಿ, ನಮ್ಮಲ್ಲಿ ಯಾರೂ ವಾಪಸ್ ಬರೋ ಮಾತಿರ್ಲಿಲ್ಲ.”

ತಂಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಣ್ಣನನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಕೂದಲೆಳೆ ತಟ್ಟೆ ಬಿಟ್ಟೆದ್ದರು.

ಯುದ್ಧ ಮುಗಿದರೂ ಒಳಮನೆಯ ಕೆಲಸ ಮುಗಿಯಲಿಲ್ಲ. ಇನ್ನೂ ದೊಡ್ಡ ಬಾಂಬುಗಳಿಗೆ ಅಳತೆ ಬಂತು. ಕೂದಲೆಳೆ, ಹಳೆಯ ರೈಲ್ವೆ ಕೆಲಸಕ್ಕೆ ಹೋಗುತ್ತೇನೆ, ಬಿಟ್ಟುಬಿಡಿ ಎಂದು ಕೇಳಿಕೊಂಡರು.

“ಹೋಗಿ, ಯಾರು ಬೇಡ ಅಂದ್ರು?” ಎಂದ ಭದ್ರತಾ ಅಧಿಕಾರಿ. “ನಿಮ್ಮ ತಲೇಲಿರೋ ಅಳತೆ ಮಾತ್ರ ಇಲ್ಲೇ ಬಿಟ್ಟು ಹೋಗಿ.”

ಅದಾಗುವಂಥದ್ದಲ್ಲ. ಕೂದಲೆಳೆ ಒಳಮನೆಗೆ ಕಾಲಿಡುವುದಿಲ್ಲವೆಂದು ಹಟ ಹಿಡಿದರು. ಜೈಲಿಗೆ ಹಾಕಲಿಲ್ಲ, ವಸಾಹತಿನ ಬಾಗಿಲು, ಚಿಲಕ, ನಲ್ಲಿ ರಿಪೇರಿಗೆ ಹಾಕಿದರು. ಅವರ ಲೇತಿಗೆ ಬೇರೊಬ್ಬ ಬಂದ, ಬಟ್ಟಲುಗಳು ತಯಾರಾಗುವುದು ನಿಲ್ಲಲಿಲ್ಲ. ತಾವು ಕೈಬಿಟ್ಟರೆ ಏನಾದರೂ ನಿಂತೀತು ಎಂದುಕೊಂಡಿದ್ದ ಕೂದಲೆಳೆಗೆ ಇದು ಬೇಲಿಗಿಂತ ಹೆಚ್ಚು ಉಸಿರು ಕಟ್ಟಿಸಿತು. ಮೇಷ್ಟ್ರಂತೂ ಪಾಠ ಹೇಳುವುದಕ್ಕೂ ಅನುಮತಿ ಸಿಗದೆ, ಯಾರೊಡನೆಯೂ ಮಾತಾಡದೆ ಅಲ್ಲೇ ತೀರಿಕೊಂಡರು.

ಬಹಳ ವರ್ಷಗಳ ಮೇಲೆ ವಸಾಹತಿನ ಬಾಗಿಲು ಹಗಲು ಹೊತ್ತು ತೆರೆಯಿತು. ಉಳಿದವರು ಇಷ್ಟದಂತೆ ಓಡಾಡಬಹುದಿತ್ತು, ಒಳಮನೆಯಲ್ಲಿ ದುಡಿದವರು ಮಾತ್ರ ಅನುಮತಿ ಚೀಟಿ ಪಡೆದು ಹೋಗಿ, ಕತ್ತಲಾಗುವುದರೊಳಗೆ ವಾಪಸಾಗಬೇಕಿತ್ತು. ಅಷ್ಟರಲ್ಲಿ ತಂಗಿಯ ಮಗಳು ಕಾಲೇಜು ಸೇರಿ, ಬಾಂಬು ಬೇಡವೆನ್ನುವವರ ಜೊತೆ ಕೂಡಿದ್ದಳು. ಅವರ ಮೆರವಣಿಗೆ ಆ ಬಾಗಿಲಿಗೇ ಬರುವುದಿತ್ತು.

“ಮಾವ, ನೀವು ಒಂದು ಮಾತಾಡಿ. ಮಾಡಿದೋರೇ ಬೇಡ ಅಂದ್ರೆ ಜನ ಕೇಳ್ತಾರೆ.”

“ಅದು ಬೀಳದೇ ಇದ್ದಿದ್ರೆ ನಿಮ್ಮಪ್ಪ ಬರ್ತಿರ್ಲಿಲ್ಲ, ನೀನೂ ಇರ್ತಿರ್ಲಿಲ್ಲ ಅಂತಾರೆ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ನಿನ್ನ ಮುಖ ನೋಡ್ಕೊಂಡು ಬೇಡವಾಗಿತ್ತು ಅನ್ನೋಕೆ ಬಾಯಿ ಬರಲ್ಲ. ಬೇಕಾಗಿತ್ತು ಅಂತ ಹೇಗೆ ಹೇಳ್ಲಿ?”

“ಒಂದು ಊರಿನ ಬದಲಿಗೆ ನಿನ್ನ ಜೀವ ತಗೋತೀಯಾ ಅಂತ ನನ್ನ ಯಾರೂ ಕೇಳ್ಲಿಲ್ವಲ್ಲ, ಮಾವ.”

ಮೆರವಣಿಗೆಯ ದಿನ ಕೂದಲೆಳೆ ಚೀಟಿ ಪಡೆದು ಹೊರಬಂದು ಅವಳ ಪಕ್ಕದಲ್ಲಿ ನಿಂತರು. ಭಾಷಣವಿಲ್ಲ, ಘೋಷಣೆಯಿಲ್ಲ. ರಸ್ತೆಯ ಆಚೆ ಬದಿ ಮಾಜಿ ಸೈನಿಕರು ಮೆರವಣಿಗೆಗೆ ಧಿಕ್ಕಾರ ಕೂಗುತ್ತಿದ್ದರು. ಅವರ ನಡುವೆ ಇದ್ದ ತಂಗಿಯ ಗಂಡ ಮಗಳನ್ನೂ ಭಾವನನ್ನೂ ಕಂಡು ಕೂಗುವುದನ್ನು ನಿಲ್ಲಿಸಿದ.

ಅಂದಿನಿಂದ ಕೂದಲೆಳೆಗೆ ಹೊರಹೋಗುವ ಚೀಟಿ ಸಿಗಲಿಲ್ಲ.

ಅವರು ಹಾಸಿಗೆ ಹಿಡಿದಾಗ ತಂಗಿಯ ಗಂಡನೇ ಬಂದ. ಪಕ್ಕದಲ್ಲಿ ಕೂತು, “ನೀವು ಅಲ್ಲಿ ನಿಂತಿದ್ದು ನನಗೆ ಸರಿ ಬರ್ಲಿಲ್ಲ, ಭಾವ” ಎಂದ.

“ನನಗೂ ಪೂರ್ತಿ ಸರಿ ಬರ್ಲಿಲ್ಲ. ನಿಲ್ಲದೇ ಇರೋಕೂ ಆಗ್ಲಿಲ್ಲ.”

ಅವನು ತಲೆಯಾಡಿಸಿದ. ದಿಂಬು ಎತ್ತರಿಸಿ, ನೀರು ಕುಡಿಸಿ, ಸಂಜೆ ನೆಂಟರ ಹೊತ್ತು ಮುಗಿಯಿತೆಂದು ಕಾವಲುಗಾರ ಬಂದು ಹೇಳುವವರೆಗೂ ಅಲ್ಲೇ ಕೂತಿದ್ದ.