ಗುಲಗಂಜಿ ಬೆಕ್ಕೂ ನೀಲಗಂಗವ್ವನ ಹಿರ್ಯಾರೂ

ನಮ್ಮ ಬೆಟಗೇರಿ ಓಣ್ಯಾಗ ನೀಲಗಂಗವ್ವ ಏನ ಮಾತಾಡಿದರೂ ಕಡೀಕ "ಹಿರ್ಯಾರು ಹೇಳ್ಯಾರ" ಅಂತ ಒಂದು ಗಂಟು ಹಾಕದ ಬಿಡಾಕಿ ಅಲ್ಲ. ಮಂಗಳವಾರ ಉಗುರು ತಗೀಬಾರ್ದು, ಹಿರ್ಯಾರು ಹೇಳ್ಯಾರ. ಕುಕ್ಕರಿನ ಅನ್ನ ಉಂಡ್ರ ಮೊಣಕಾಲು ಹಿಡೀತಾವ, ಹಿರ್ಯಾರು ಹೇಳ್ಯಾರ. ಆ ಹಿರ್ಯಾರು ಕುಕ್ಕರ್ ಯಾವಾಗ ನೋಡಿದ್ರು ಅಂತ ಮಾತ್ರ ಕೇಳಬಾರ್ದು. ನಾ ಅಕಿಗಿಂತ ಎಷ್ಟೋ ವರ್ಷ ದೊಡ್ಡಾಕಿ. ನಮ್ಮ ಮನ್ಯಾಗಿನ ಹಿರ್ಯಾರು ನನಗ ಹೇಳಿದ್ದು ಒಂದ ಮಾತು: "ಬಾಯಿ ಮುಚ್ಚಿಕೊಂಡು ಕೆಲಸಾ ಮಾಡು." ಅಕಿ ಹಿರ್ಯಾರಿಗೆ ಬಾಳ ಪುರುಸೊತ್ತು ಇತ್ತು ಕಾಣಸ್ತೈತಿ.

ನಾ ಹುಚ್ಚವ್ವ. ಅಕಿ ಮನಿ ಎದುರಿನ ಕಟ್ಟಿ ನಂದು. ಸಾಲಿ ಮೂರನೇ ಇಯತ್ತೆಗೆ ಬಿಟ್ಟೆ, ಆದ್ರ ಕಂಡದ್ದು ಮರೆಯೂದಿಲ್ಲ. ನಮ್ಮ ಯಜಮಾನ್ರು ತೀರಿಕೊಂಡ ಮ್ಯಾಲೆ ಸೊಸಿ ನನಗಂತ ಟೀವಿ ತಂದು ಇಟ್ಟಾಳ. ನಾ ಅದನ್ನ ಹಚ್ಚೂದಿಲ್ಲ. ಎದುರಿನ ಮನಿ ಬಾಗಲಾ ತೆರೆದಿದ್ರ ಸಾಕು.

ನೀಲಗಂಗವ್ವ ಲಕ್ಷ್ಮೇಶ್ವರದಾಕಿ. ಮದಲಗಿತ್ತಿಯಾಗಿ ಬಂದ ದಿನಾನೂ ನನಗ ನೆನಪೈತಿ. ಹೊಸ್ತಿಲ ಮ್ಯಾಲಿನ ಅಕ್ಕಿ ಸೇರು ಒದ್ದು ಒಳಗ ಬರೂ ಮುಂದ ನಿಂತು, ಸೇರು ಇಟ್ಟದ್ದು ಡೊಂಕಾಗೇತಿ ಅಂತ ಅತ್ತಿಗೇ ತಿದ್ದಿ ಹೇಳಿದಳು. ಅತ್ತಿ ಅದನ್ನ ಮರೀಲಿಲ್ಲ. ಮುಂದ ಅಕಿ ಮೊದಲನೇ ಸಲ ಬಸುರಾದಾಗ, ಲಕ್ಷ್ಮೇಶ್ವರದಾಗ ಅಣ್ಣತಮ್ಮರು ಹೊಲದ ಪಾಲಿಗೆ ಜಗಳಾ ಮಾಡಿಕೊಂಡು ಕುಂತಿದ್ದರು. ತಂಗಿನ್ನ ಕರಿಯಾಕ ಒಬ್ಬಾಂವನೂ ಬರಲಿಲ್ಲ. ಚೊಚ್ಚಲ ಹೆರಿಗಿ ಗಂಡನ ಮನ್ಯಾಗ ಆತು. ಅತ್ತಿಗೆ ಇನ್ನೇನು ಬೇಕು? ಅನ್ನದ ಮ್ಯಾಲೆ ತುಪ್ಪಾ ಹಾಕೂ ಮುಂದ "ತವರಿಲ್ಲದ ಬಾಣಂತಿ" ಅಂದಳು, ಬೆನ್ನಿಗೆ ಬಿಸಿನೀರು ಹಾಕೂ ಮುಂದ "ತವರಿಲ್ಲದ ಬಾಣಂತಿ" ಅಂದಳು. ಆ ನೀರು ಕಾಸಿ ಕೊಟ್ಟಾಕಿ ನಾನ. ನೀಲಗಂಗವ್ವ ತೆಳಗ ಮಾರಿ ಹಾಕಿಕೊಂಡು ಎಲ್ಲಾ ಕೇಳಿದಳು. ಆ ಹೊತ್ತಿನ್ಯಾಗ ಅಕಿ ಹಿರ್ಯಾರು ಒಬ್ಬರೂ ಬಾಯಿ ಬಿಡಲಿಲ್ಲ ನೋಡ್ರಿ.

ಆವಾಗ ಹುಟ್ಟಿದಾಕೀನ ಸ್ನೇಹಾ. ಆ ಕೂಸು ಈಗ ತಾನ ಬಸುರಿ. ಹಿರೇವಡ್ಡಟ್ಟಿಗೆ ಕೊಟ್ಟಾರ. ಕುಬಸದ ಕಾರ್ಯಾ ಮುಗಿಸಿ ಚೊಚ್ಚಲ ಬಾಣಂತನಕ್ಕ ತವರಿಗೆ ಕರಕೊಂಡು ಬರೂದಿತ್ತು. ಹೆರಿಗಿ ಆಗೂದು ಗದಗಿನ ದವಾಖಾನ್ಯಾಗ ಅನ್ನೂದು ಎಲ್ಲಾರಿಗೂ ಗೊತ್ತು. ಆದರೂ ಹೆಸರು ತವರಮನೀದ ಆಗಬೇಕು. ಮಗಳನ್ನ ಯಾರೂ "ತವರಿಲ್ಲದಾಕಿ" ಅನ್ನಬಾರ್ದು. ಇದೊಂದಕ್ಕ ನೀಲಗಂಗವ್ವ ತಯಾರಿ ನಡಿಸಿದ್ದಳು. ಅಂಟು, ಕೊಬ್ಬರಿ, ಉತ್ತತ್ತಿ ತಂದು ಇಟ್ಟಳು. ತನ್ನ ಹಳೇ ಸೀರಿಗಳನ್ನ ಕೂಸಿನ ಕೌದಿ ಹೊಲಿಯಾಕ ಕೊಟ್ಟಳು. ಖೋಲಿಗೆ ಸುಣ್ಣಾ ಬಳಿಸಿದಳು. ಎಲ್ಲಾ ಆತು. ಉಳಿದದ್ದು ಬೆಕ್ಕು.

ಬೆಕ್ಕು ಸ್ನೇಹಾಂದು. ನಾಗಾವಿ ಯುನಿವರ್ಸಿಟಿಗೆ ಡಿಗ್ರಿ ತರಾಕ ಕಳಿಸಿದ್ರ ಮೊದಲ ಬ್ಯಾಗಿನ್ಯಾಗ ಬೆಕ್ಕಿನ ಮರಿ ತಂದಿದ್ದಳು. ಡಿಗ್ರಿನೂ ಬಂತಂತ, ನಾವ್ಯಾರೂ ನೋಡಿಲ್ಲ. ಬೆಕ್ಕನ್ನ ಮಾತ್ರ ಓಣಿ ಮಂದಿ ಎಲ್ಲಾ ನೋಡ್ಯಾರ. ಕೆಂಪು ಮೈ, ಒಂದು ಕಣ್ಣಿನ ಮ್ಯಾಲೆ ಕರೀ ಮಚ್ಚಿ. ಅದಕ್ಕ ಗುಲಗಂಜಿ ಅಂತ ಹೆಸರು. ಮದಿವಿ ಆಗಿ ಹೋಗೂ ಮುಂದ ಗಂಡನ್ನ ಬಿಟ್ಟು ಬೆಕ್ಕು ಅಪ್ಪಿಕೊಂಡು ಅತ್ತಿದ್ದಳು ಹುಡುಗಿ. "ಅವ್ವಾ, ನಾ ಬರೂತನಕ ಇದನ್ನ ಜ್ವಾಕಿ ಮಾಡು" ಅಂದಿದ್ದಳು. ಅವ್ವ ಹೂಂ ಅಂದಿದ್ದಳು.

ಆದ್ರ ಬಾಣಂತಿ ಇದ್ದ ಮನ್ಯಾಗ ಬೆಕ್ಕು ಇರಬಾರ್ದಂತ. ಯಾರು ಹೇಳ್ಯಾರ ಅಂತ ನಾ ಬ್ಯಾರೆ ಹೇಳಬೇಕೇನು?

ಮಗಳು ಬರೂಕಿಂತ ಮೊದಲ ಒಂದು ದಿನಾ ಮುಂಜಾನೆ ನೀಲಗಂಗವ್ವ ಗೋಣಿಚೀಲದಾಗ ಬೆಕ್ಕು ಹಾಕಿ, ತನ್ನ ಕೈಯಾರೆ ಬಾಯಿ ಕಟ್ಟಿ, ಗಂಡನ ಸ್ಕೂಟರ್ ಮ್ಯಾಲೆ ಇಟ್ಟಳು. ಗಂಡ ಚನ್ನಬಸವಣ್ಣ, ಪ್ಯಾಟ್ಯಾಗ ಕಿರಾಣಿ ಅಂಗಡಿ. ಮದಿವಿ ಆದಾಗಿಂದ ಆ ಮನ್ಯಾಗ ಅವರು ಆಡಿದ್ದು "ಹೂಂ" ಅನ್ನೂದು ಒಂದ.

"ಸೀದಾ ಹುಲಕೋಟಿ ದಾಟಿ ಹೋಗ್ರಿ. ಬಿಡೂ ಮುಂದ ಚೀಲಾ ಮೂರು ಸುತ್ತು ತಿರುವ್ರಿ, ಬೆಕ್ಕಿಗೆ ದಾರಿ ಮರೀತೈತಿ. ಹಿರ್ಯಾರು ಹೇಳ್ಯಾರ."

"ಹೂಂ."

"ಬಲಕ್ಕ ತಿರುವ್ರಿ ಮತ್ತ. ಎಡಕ್ಕ ತಿರುವಿದ್ರ ನಿಮಗ ದಾರಿ ಮರೀತೈತಿ."

"ಹೂಂ."

ಸ್ಕೂಟರ್ ಹೋತು. ನನ್ನ ಕೈಯಾಗಿನ ಚಾ ಆರೂದ್ರಾಗ ವಾಪಸ್ಸೂ ಬಂತು. ಹುಲಕೋಟಿ ಯಾವಾಗ ಇಷ್ಟು ಹತ್ರ ಬಂತಪಾ ಅಂತ ಅನಕೊಂಡೆ. ಕೇಳಲಿಲ್ಲ. ಕೇಳಿದ್ರ "ಹೂಂ" ಅಂತಿದ್ದರು.

ಸ್ನೇಹಾ ಬಂದಳು. ಹೊಸ್ತಿಲದಾಗ ದೃಷ್ಟಿ ತಗದು ಮುಗದಿದ್ದಿಲ್ಲ, "ಗುಲಗಂಜಿ ಎಲ್ಲೆ?" ಅಂದಳು.

"ಅಯ್ಯ, ಮುಂಜಾನಿಂದ ಕಾಣವಲ್ದವಾ! ಎಲ್ಲಿ ಹೋತೋ ಏನೋ!" ಅಂತ ಅವ್ವ ಎದಿ ಮ್ಯಾಲೆ ಕೈ ಇಟ್ಟಳು. ಕಂಪನಿ ನಾಟಕದವರು ಆ ಹೊತ್ತಿನ್ಯಾಗ ನಮ್ಮ ಓಣ್ಯಾಗ ಹಾದು ಹೋಗಲಿಲ್ಲ, ಅವರ ನಸೀಬ ಖೊಟ್ಟಿ.

ಹುಡುಗಿ ಆ ದಿನಾ ತಾಟು ಮುಟ್ಟಲಿಲ್ಲ. ಮರುದಿನಾ ಮಾತು ಬ್ಯಾರೆ ದಿಕ್ಕು ಹಿಡೀತು.

"ಬೆಕ್ಕು ಸಿಗಲಿಲ್ಲಂದ್ರ ನಾ ಹಿರೇವಡ್ಡಟ್ಟಿಗೆ ಹೊಕ್ಕೀನಿ. ಹೆರಿಗಿ ಅಲ್ಲೇ ಆಗ್ಲಿ."

"ಹುಚ್ಚು ಹಿಡದೈತೇನ ನಿನಗ? ಒಂದು ಬೆಕ್ಕಿನ ಸಲುವಾಗಿ?"

"ಒಂದು ಬೆಕ್ಕು ಜ್ವಾಕಿ ಮಾಡಾಕ ಆಗದಾಕಿ, ನನ್ನ ಕೂಸು ಏನ ಜ್ವಾಕಿ ಮಾಡ್ತಿ?"

ನೀಲಗಂಗವ್ವನ ಮಾರಿ ಸುಣ್ಣಾ ಬಳದ ಗ್ವಾಡಿ ಹಂಗ ಆತು. ದಾಟಿ ನನ್ನ ಕಟ್ಟಿಗೆ ಬಂದು, "ಹುಚ್ಚವ್ವಕ್ಕ, ಏನ ಮಾಡ್ಲಿರಿ?" ಅಂದಳು.

"ನಿನ್ನ ಹಿರ್ಯಾರನ್ನ ಕೇಳವಾ" ಅಂದೆ.

ನನ್ನನ್ನ ಸುಟ್ಟು ಹಾಕೂವಂಗ ನೋಡಿ ಹೋದಳು. ಗಂಡನ್ನ ಗುಟ್ಟಾಗಿ ಹುಲಕೋಟಿ ಕಡೆ ಅಟ್ಟಿದಳು. ಅವರು ಹೋಗಿ ಬಂದು "ಸಿಗವಲ್ದು" ಅಂದರು. "ಹೂಂ" ಬಿಟ್ಟು ಅವರ ಬಾಯಾಗ ಇನ್ನೊಂದು ಮಾತು ಐತಿ ಅಂತ ಅವತ್ತ ತಿಳೀತು.

ಸ್ನೇಹಾ ಓಣಿ ವಾಟ್ಸಾಪ್ ಗುಂಪಿಗೆ ಬೆಕ್ಕಿನ ಫೋಟೋ ಹಾಕಿದಳು. ನಮ್ಮ ಮಂದಿ ಉಪಕಾರಕ್ಕ ಹಿಂದ ಸರಿಯೂವರಲ್ಲ. ಒಬ್ಬಾಂವ ಕೈ ಮುಗಿಯೂ ಚಿತ್ರಾ ಹಾಕಿದ, ಬೆಕ್ಕು ಶಿವನ ಪಾದಾ ಸೇರಿದಂಗ. ಒಬ್ಬಾಕಿ ಗುಲಾಬಿ ಹೂವು ಹಾಕಿ ಶುಭೋದಯ ಅಂದಳು. ಇನ್ನೊಬ್ಬಾಂವ ಕರ್ರಗಿನ ಗಂಡು ಬೆಕ್ಕೊಂದನ್ನ ಬಕೀಟಿನ್ಯಾಗ ಮುಚ್ಚಿಕೊಂಡು ಮನೀಗೇ ತಂದ. "ಕಣ್ಣಿನ ಮ್ಯಾಲೆ ಕರೀ ಮಚ್ಚಿ ಐತಿ ನೋಡ್ರಿ" ಅಂದ. ಖರೆ, ಇತ್ತು. ಬಾಲದ ತುದೀತನಕಾನೂ ಇತ್ತು.

ಕಡೀಕ ತಾಯಿ ಮಗಳು ಕೂಡಿ ಹುಡಕಾಕ ಹೊಂಟರು. ನನಗ ಮೊಣಕಾಲು ನೋವು, ಆದ್ರ ಇಂಥಾ ತಮಾಷಾ ಬಿಟ್ಟು ಮನ್ಯಾಗ ಕುಂಡ್ರೂವಷ್ಟು ನೋವಲ್ಲ. ನಾನೂ ಹಿಂದ ಹೋದೆ. ನೀಲಗಂಗವ್ವ ಶಾಣ್ಯಾಕಿ. ಬೆಕ್ಕು ಹುಲಕೋಟಿ ಕಡೆ ಹೋಗೇತಿ ಅಂತ ಅಕಿಗೆ ಗೊತ್ತಲ್ಲ, ಮಗಳನ್ನ ಸರೀ ಅದರ ವಿರುದ್ಧ ದಿಕ್ಕಿಗೆ ಕರಕೊಂಡು ಹೊಂಟಳು. ಒಂದು ಕೈಯಾಗ ಮಗಳಿಗೆ ಛತ್ರಿ ಹಿಡದು, ಗಟಾರಕ್ಕ ಬಗ್ಗಿ "ಗುಲಗಂಜೀ, ಬಾ ನನ್ನವ್ವಾ, ಬಾ ನನ್ನ ಬಂಗಾರಾ" ಅಂತ ಕರದದ್ದ ಕರದದ್ದು. ಚೀಲದ ಬಾಯಿ ಕಟ್ಟಿದ ಕೈ ಅದು. ಮಂದಿ ನೀರಿನ ಟಾಕಿ ಮುಚ್ಚಳಾ ತಗದು ನೋಡಿದಳು. ನೇಕಾರರ ಮನಿ ಹೊಕ್ಕು ಮಗ್ಗದ ತಗ್ಗಿನ್ಯಾಗ ಇಣಿಕಿದಳು. ನೇಯೂ ಮನಿಶಾ ಕಾಲು ಮ್ಯಾಲೆ ಎತ್ತಿಕೊಂಡು, "ಯಾಕ್ರೀ ಅಕ್ಕಾರ, ಒಂದು ಸೀರಿ ತಗೊಳ್ಳಾಕ ತಗ್ಗಿಗ ಇಳೀಬೇಕೇನು?" ಅಂದ.

ಹಿಂದಿನ ಓಣ್ಯಾಗ ಲಾಲಬಿ ಮನಿ. ಕೌದಿ ಹೊಲಿಯಾಕಿ. ನೀಲಗಂಗವ್ವ ಹಳೇ ಸೀರಿ ಕೊಟ್ಟದ್ದು ಇಕೀಗೇನ. ಅಲ್ಲಿ ಬರೂತನಕ ಸ್ನೇಹಾ ದಣದಿದ್ದಳು. "ಸಾಕವ್ವಾ. ನಾಳೆ ಮುಂಜಾನೆ ಬಸ್ಸಿಗೆ ಹೊಕ್ಕೀನಿ ನಾ" ಅಂದಳು. ನೀಲಗಂಗವ್ವ ಈ ಸಲ ಖರೇನ ಗಂಟಲಾ ಹರಿಯೂವಂಗ "ಗುಲಗಂಜೀ!" ಅಂತ ಕೂಗಿದಳು.

ಲಾಲಬಿ ಮನಿ ಒಳಗಿಂದ "ಮಿಯಾಂವ್" ಅಂತು.

ನೀಲಗಂಗವ್ವ ಛತ್ರಿ ಹಿಡಕೊಂಡು ಹಂಗ ನಿಂತಳು, ಪ್ಯಾಟಿ ನಡುವಿನ ಕಂಬದ ಹಂಗ.

ಲಾಲಬಿ ಸೂಜಿ ಹಿಡಕೊಂಡ ಹೊರಗ ಬಂದಳು. "ಬರ್ರಿ ಅಕ್ಕಾರ, ಬಾಣಂತಿ ನೋಡಾಕ ಬಂದ್ರೇನು?"

ಒಳಗ ಹೋಗಿ ನೋಡಿದ್ರ ಗುಲಗಂಜಿ ಕಾಲು ಚಾಚಿ ಮಲಗೇತಿ. ಹೊಟ್ಟೀಗೆ ಮೂರು ಮರಿ. ಕೆಳಗ ಹಾಸಿದ್ದು ಹೊಸಾ ಕೌದಿ.

"ಅಯ್ಯ ಶಿವನ! ನನ್ನ ಮೊಮ್ಮಗನ ಕೌದಿ!" ಅಂತ ನೀಲಗಂಗವ್ವ ಚೀರಿದಳು.

"ನಾ ಏನ ಮಾಡ್ಲಿರಿ? ಬ್ಯಾರೆ ಅರಬಿ ಹಾಸಿ ಕೊಟ್ರ ಒದ್ದು ಬರತಿತ್ತು. ನಿಮ್ಮ ಸೀರಿ ವಾಸನಿ ಗುರ್ತು ಹಿಡೀತು ನೋಡ್ರಿ, ಇದರ ಮ್ಯಾಲೇ ಹಡೀತು" ಅಂದಳು ಲಾಲಬಿ. "ಅಣ್ಣಾರು ಚೀಲದಾಗ ತಂದು ಬಿಟ್ಟಾಗ ಇಷ್ಟು ಹೊಟ್ಟಿ ಇತ್ತು. ನಿನ್ನೆ ಬಂದು ಒಯ್ತೀನಿ ಅಂದ್ರು. ಹಸೀ ಬಾಣಂತಿ ಐತಿ, ಮುಟ್ಟಬ್ಯಾಡ್ರಿ ಅಂತ ನಾನ ಬೈದು ಕಳಿಸಿದ್ನಿ. ದಿನಾ ಹಾಲು ತರತಾರ ಬಿಡ್ರಿ. ಕುಂತು ಮಾತಾಡಿಸಿ ಹೊಕ್ಕಾರ."

"ಯಾರ ಜೋಡಿ ಮಾತಾಡ್ತಾರ?" ನೀಲಗಂಗವ್ವನ ದನಿ ಸಣ್ಣದಾಗಿತ್ತು.

"ಬೆಕ್ಕಿನ ಜೋಡಿ. ಅಂಗಡಿ ಸುದ್ದಿ, ಮನಿ ಸುದ್ದಿ, ಎಲ್ಲಾ. ಬಾಳ ಮಾತಿನವರು ನಿಮ್ಮ ಯಜಮಾನ್ರು!"

ಬೆಕ್ಕು ಸಿಕ್ಕದ್ದಕ್ಕಿಂತ, ಕೌದಿ ಕೆಟ್ಟದ್ದಕ್ಕಿಂತ ಇದು ಅಕಿಗೆ ಹೆಚ್ಚು ಚುಚ್ಚಿತು ಅಂತ ನನಗನಸ್ತು. ಆದ್ರ ಚುಚ್ಚಿಸಿಕೊಂಡು ಕುಂಡ್ರಾಕ ಪುರುಸೊತ್ತೆಲ್ಲಿ? ಮಗಳು ತಿರುಗಿ ನಿಂತಿದ್ದಳು.

"ಚೀಲದಾಗ? ಅವ್ವಾ, ಚೀಲದಾಗ ಯಾಕ?"

ನೀಲಗಂಗವ್ವ ಗ್ವಾಡಿ ನೋಡಿದಳು, ಬೆಕ್ಕು ನೋಡಿದಳು. ಆಮ್ಯಾಲೆ, "ಒಂದ ಸೂರಿನ ಕೆಳಗ ಎರಡು ಬಾಣಂತನ ಆಗಬಾರ್ದವಾ. ಅದಕ್ಕ ಇದರದು ಇಲ್ಲೆ ಮಾಡಸಿದ್ನಿ. ಹಿರ್ಯಾರು..." ಅಂದಳು. ತೆಳಗ ಮಾರಿ ಹಾಕಿದಳು.

ಆ ಬಗ್ಗಿದ ಮಾರಿ ನಾ ಹಿಂದೊಮ್ಮೆ ಬಿಸಿನೀರಿನ ಹಂಡೆ ಮುಂದ ನೋಡಿದ್ದೆ.

"ಹೌದವಾ ಸ್ನೇಹಾ," ಅಂದೆ. "ಹಿರ್ಯಾರು ಹೇಳ್ಯಾರ. ನಾನೂ ಕೇಳೀನಿ."

ಸ್ನೇಹಾ ಅವ್ವನ್ನ ನೋಡಿದಳು, ನನ್ನನ್ನ ನೋಡಿದಳು. ಎಂ.ಎ. ಕಲ್ತ ಹುಡುಗಿ, ಇಬ್ಬರು ಮುದುಕೇರ ಸುಳ್ಳು ತಿಳಿಯೂದಿಲ್ಲೇನು? ತಿಳೀತು.

"ಹಂಗಾರ ಆಯಿ, ಬಾಣಂತಿನ್ನ ಉಡಿ ತುಂಬಿಸಿಕೊಂಡು ಮನಿಗೆ ಕರಕೊಂಡು ಬರೂದೂ ಪದ್ಧತಿ ಐತಿ ಹೌದಲ್ಲೋ?"

"ಐತಿ" ಅಂದೆ.

"ನನ್ನ ಹೆರಿಗಿಕಿಂತ ಮೊದಲ ಕರಕೊಂಡು ಬರ್ತಿ ಏನವ್ವಾ? ಹಂಗಿದ್ರ ನಾ ಇರ್ತೀನಿ."

ನೀಲಗಂಗವ್ವ "ಬರ್ತೀನಿ" ಅಂದಳು. ಬೇವಿನ ರಸಾ ಕುಡಿದವರೂ ಇಷ್ಟು ಮಾರಿ ಕಿವುಚಿದ್ದು ನಾ ನೋಡಿಲ್ಲ. ಆದ್ರ ಆ ದಿನಾ ಹುಡುಗಿ ಬಿಸಿ ರೊಟ್ಟಿ, ಎಣ್ಣಿಗಾಯಿ ಹೊಟ್ಟಿ ತುಂಬ ಉಂಡಳು.

ಚನ್ನಬಸವಣ್ಣ ಊಟಕ್ಕ ಬಂದಾಗ ನಾ ಕಟ್ಟಿ ಮ್ಯಾಲೇ ಇದ್ದೆ. ಇವತ್ತು ಹೆಂಚು ಹಾರತಾವ ಅನಕೊಂಡಿದ್ದೆ. ನೀಲಗಂಗವ್ವ ಬಾಗಲದಾಗ ನಿಂತು, "ಮೂರು ಮರಿ ಅದಾವ. ನಾಳಿಂದ ಹಾಲು ಜಾಸ್ತಿ ಒಯ್ರಿ" ಅಂದಳು ಅಷ್ಟ. ಅವರು ಚಪ್ಪಲಿ ಬಿಡೂದು ಮರೆತು ನಿಂತರು. ಆಮ್ಯಾಲೆ "ಹೂಂ" ಅಂದರು.

ಮರಿ ಕಣ್ಣು ತೆರೆದ ಮ್ಯಾಲೆ ನೀಲಗಂಗವ್ವ ಬುಟ್ಟಿ ತಗೊಂಡು ಹೋದಳು. ಲಾಲಬಿ ಬೆಕ್ಕಿಗೆ ಉಡಿ ಎಲ್ಲಿ ಅಂತ ಹುಡುಕಿ, ಕಡೀಕ ನೀಲಗಂಗವ್ವನ ಸೆರಗಿನ್ಯಾಗೇ ಅಕ್ಕಿ, ಕೊಬ್ಬರಿ ಹಾಕಿ ಕಳಿಸಿದಳು. ಹಿಂದಿನ ಓಣಿಯಿಂದ ಮುಂದಿನ ಓಣೀಗೆ ಬರೂತನಕ ಮಂದಿ ಬಾಗಲಾ ಬಾಗಲದಾಗ ನಿಂತು ನಕ್ಕರು. ಅಕಿ ಯಾರ ಕಡೆನೂ ನೋಡದ, ಬುಟ್ಟಿ ಅಲುಗಾಡದಂಗ ನಡಕೋತ ಬಂದಳು.

ಸ್ನೇಹಾಗ ಹೆಣ್ಣು ಕೂಸು ಆತು. ಮೊಮ್ಮಗ ಅಂತ ಹೊಲಿಸಿದ ಕೌದಿ ಒಗೆದು, ಬಿಸಲಿಗೆ ಹಾಕಿ, ಮೊಮ್ಮಗಳಿಗೆ ಹಾಸಿದರು. ತೊಟ್ಟಿಲದ ಬುಡಕ್ಕ ಗುಲಗಂಜಿ ಸಂಸಾರ ಸಮೇತ ಕಾಯಂ ಆತು. ಹಿರೇವಡ್ಡಟ್ಟಿಯಿಂದ ಬೀಗತಿ ಕೂಸು ನೋಡಾಕ ಬಂದಾಕಿ ಮೊದಲ ನೋಡಿದ್ದು ಅದನ್ನ.

"ಇದೇನ್ರೀ ಬೀಗರ, ಬಾಣಂತಿ ಖೋಲ್ಯಾಗ ಬೆಕ್ಕು?"

ನೀಲಗಂಗವ್ವ ಎದಿ ಉಬ್ಬಿಸಿ, "ಬೆಕ್ಕು ಮಲಗಿದ ಕೌದಿ ಮ್ಯಾಲೆ ಮಲಗಿದ ಕೂಸು ಅಳೂದಿಲ್ಲರಿ. ಹಿರ್ಯಾರು ಹೇಳ್ಯಾರ" ಅಂದಳು.

ಆ ಹೊತ್ತಿಗೆ ಸರಿಯಾಗಿ ಕೂಸು ಮನಿ ಹಾರಿ ಹೋಗೂವಂಗ ಅಳಾಕ ಸುರು ಮಾಡಿತು.

"ಯಾವ ಹಿರ್ಯಾರ್ರೀ?" ಅಂದಳು ಬೀಗತಿ.

"ಇಲ್ಲೇ ಕುಂತಾರಲ್ರಿ, ನಮ್ಮ ಹುಚ್ಚವ್ವಕ್ಕ. ಬೇಕಾದ್ರ ಕೇಳ್ರಿ."

ಎಲ್ಲಾರೂ ನನ್ನ ಕಡೆ ತಿರುಗಿದರು. ನನ್ನ ಬಾಯಿ ತುಂಬ ನೀಲಗಂಗವ್ವ ಕೊಟ್ಟ ಅಂಟಿನುಂಡಿ ಇತ್ತು.

"ಹೂಂ" ಅಂದೆ.